ವೇದಾ ಎಂದರೆ ತಿರುಗಬೇಡ

ನಮ್ಮ ಶಾಲೆಗೆ ಸ್ಪಿರಿಟ್ ಇಲ್ಲ ಎಂದು ಮೊದಲು ಕಂಡುಹಿಡಿದವರು ಕಾರ್ಯದರ್ಶಿ ಅನಂತರಾಜು ಅವರು. ಅದುವರೆಗೆ ಅಂಥದ್ದೊಂದು ಬೇಕಾಗುತ್ತದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಕೊಡಿಗೇಹಳ್ಳಿಯ ಆ ಕಟ್ಟಡಕ್ಕೆ ಬೆಳಿಗ್ಗೆ ಬರುತ್ತಿದ್ದೆವು, ಬೈಸಿಕೊಳ್ಳುತ್ತಿದ್ದೆವು, ಸಂಜೆ ಮನೆಗೆ ಹೋಗುತ್ತಿದ್ದೆವು. ನಾನು ಹತ್ತನೇ ಕ್ಲಾಸಿಗೆ ಬಂದ ಜೂನ್ ತಿಂಗಳಲ್ಲಿ ಒಂದು ದಿನ ಅವರು ಅಸೆಂಬ್ಲಿಯಲ್ಲಿ ಮೈಕ್ ಹಿಡಿದರು. ದೊಡ್ಡ ದೊಡ್ಡ ಶಾಲೆಗಳಲ್ಲಿ ಮಕ್ಕಳು ತಮ್ಮ ಶಾಲೆಯ ಹೆಸರು ಕೇಳಿದರೆ ಸಾಕು, ಎದ್ದು ಕುಣಿಯುತ್ತಾರಂತೆ. ನಾವು ಮಾತ್ರ ಹುಣಸೆಕಾಯಿ ಕಚ್ಚಿದವರ ಹಾಗೆ ಮುಖ ಮಾಡಿಕೊಂಡು ನಿಂತಿರುತ್ತೇವಂತೆ. ಮುಂದಿನ ವಾರದಿಂದಲೇ ಶನಿವಾರದ ಕೊನೆಯ ಪೀರಿಯಡ್ಡು ಚಿಯರಿಂಗ್ ಪ್ರಾಕ್ಟೀಸಿಗೆ ಹೋಯಿತು. ಹಳದಿ ಟೀ ಶರ್ಟ್ ಕಡ್ಡಾಯ. ಅದರ ಬೆನ್ನ ಮೇಲೆ ‘ನನ್ನ ಶಾಲೆ ನನ್ನ ಉಸಿರು’ ಎಂದು ಅಚ್ಚು ಹಾಕಿಸಿದ್ದರು. ಮೊದಲ ಒಗೆತಕ್ಕೇ ಅರ್ಧ ಉಸಿರು ಹೋಯಿತು.

ಚಿಯರಿಂಗ್‌ಗೆ ಲೀಡರ್ ಆಗಿದ್ದವಳು ಶಾಂತಲಾ. ಸಹಕಾರನಗರದ ಹುಡುಗಿ, ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೋಗುವವರು, ಐದನೇ ಕ್ಲಾಸಿನಿಂದ ನನ್ನ ಪಕ್ಕದಲ್ಲೇ ಕೂತವಳು. ಅವಳ ಗಂಟಲಿಗೆ ಮೈಕ್ ಬೇಡ. ಕಟ್ಟೆ ಹತ್ತಿ ನಿಂತು ಒಂದು ಸಲ ಕೈ ಎತ್ತಿದಳೆಂದರೆ ಇಡೀ ಹೈಸ್ಕೂಲು ಬಾಯಿ ತೆರೆಯುತ್ತಿತ್ತು. ಆಟಗಾರರೆಲ್ಲರಿಗೂ ಒಂದೊಂದು ಘೋಷಣೆ ಕಟ್ಟುವ ಕೆಲಸವೂ ಅವಳದೇ. ನನಗೆ ಕಟ್ಟಿದ್ದು ಇದು: “ವೇದಾ ಬಂದ್ರೆ ಗಾಳಿ, ಎದುರಿನ ಟೀಮು ಖಾಲಿ!”

ಕವಿತೆಯೇನಲ್ಲ, ಗೊತ್ತು. ಆದರೆ ಒಂದು ಶನಿವಾರ ನಾನು ಮೊಣಕಾಲಿಗೆ ಔಷಧಿ ಹಚ್ಚಿಸಿಕೊಳ್ಳಲು ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಹೊರಗೆ ಅಷ್ಟೂ ಜನ ಒಟ್ಟಿಗೆ ಅದನ್ನು ಕೂಗಿದರು. ನನ್ನ ಮೈ ಜುಮ್ಮೆಂದಿತು. ನಾನಿಲ್ಲದಾಗಲೇ ಹೀಗೆ ಕೂಗಿದರೆ, ನಾನು ನಿಜವಾಗಿ ಓಡುತ್ತಿರುವಾಗ ಹೇಗಿರಬಹುದು? ಆ ಹೊತ್ತಿನಿಂದ ನನಗೆ ಬೇಕಾಗಿದ್ದದ್ದು ಅದೊಂದೇ. ಕಪ್ಪಲ್ಲ, ಮೆಡಲ್ ಅಲ್ಲ. ಅಂಕಣದಲ್ಲಿ ಓಡುತ್ತಾ ಒಂದು ಸಲ ಅದನ್ನು ಕೇಳಿಸಿಕೊಳ್ಳಬೇಕು. ಮಾರ್ಚಿನಲ್ಲಿ ಪರೀಕ್ಷೆ ಮುಗಿದರೆ ಹೈಸ್ಕೂಲು ಮುಗಿಯಿತು, ಆಮೇಲೆ ಯಾರು ಯಾರಿಗೆ ಕೂಗುತ್ತಾರೆ?

ನಾನು ಖೋ ಖೋ ಆಡುತ್ತಿದ್ದೆ. ಎಂಟನೇ ಕ್ಲಾಸಿನಿಂದ ನನ್ನ ಶನಿವಾರ ಭಾನುವಾರಗಳೆಲ್ಲ ಅದಕ್ಕೇ ಹೋಗಿದ್ದವು. ಕ್ಲಾಸಿನ ಉಳಿದವರು ವಾರದ ಕೊನೆ ಬಂತೆಂದರೆ ಹೆಬ್ಬಾಳದ ಮಾಲಿಗೆ ಹೋಗಿ, ಆರು ಜನ ಸೇರಿ ಒಂದು ಪ್ಲೇಟ್ ತೆಗೆದುಕೊಂಡು, ಅದರ ಜೊತೆ ಅರವತ್ತು ಫೋಟೋ ತೆಗೆದು ಬರುತ್ತಿದ್ದರು. ವಿದ್ಯಾರಣ್ಯಪುರದ ಟ್ಯೂಷನ್ನಿಗೆಂದು ಮನೆಯಲ್ಲಿ ಹೇಳಿ ಬಸ್ಸಿನಲ್ಲೇ ಊರು ಸುತ್ತುತ್ತಿದ್ದವರೂ ಇದ್ದರು. ಸೋಮವಾರ ಕ್ಲಾಸಿನಲ್ಲಿ ಏನಾದರೊಂದು ಜೋಕಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರೆ ನನಗೆ ಅರ್ಥವಾಗುತ್ತಿರಲಿಲ್ಲ, ಏಕೆಂದರೆ ಅದು ಹುಟ್ಟಿದ್ದು ಭಾನುವಾರದ ಮಾಲಿನಲ್ಲಿ. ನಾನು ಆಗ ಕೆಂಪು ಮಣ್ಣಿನಲ್ಲಿ ಕಂಬದ ಸುತ್ತ ಡೈವ್ ಹೊಡೆಯುವುದನ್ನು ಕಲಿಯುತ್ತಿದ್ದೆ. ನನ್ನ ಎರಡು ಮೊಣಕಾಲುಗಳ ಬಣ್ಣ ಇವತ್ತಿಗೂ ಬೇರೆ ಬೇರೆ. ಇದನ್ನೆಲ್ಲ ತ್ಯಾಗ ಎಂದು ಹೇಳುತ್ತಿಲ್ಲ. ನನಗೆ ಇಷ್ಟವಿತ್ತು, ಆಡಿದೆ. ಅಷ್ಟೇ.

ಡಿಸೆಂಬರಿನಲ್ಲಿ ಒಂದು ಟ್ರಸ್ಟಿನವರು ನಡೆಸುವ ಅಂತರಶಾಲಾ ಟೂರ್ನಿಯಲ್ಲಿ ನಾವು ಫೈನಲ್ ತಲುಪಿದೆವು. ಶಾಲೆಯ ಚರಿತ್ರೆಯಲ್ಲೇ ಮೊದಲು. ಶನಿವಾರ, ಯಲಹಂಕದ ಮೈದಾನದಲ್ಲಿ. ಅದುವರೆಗಿನ ಪಂದ್ಯಗಳಿಗೆ ಟೀಮು ಮಾತ್ರ ಹೋಗುತ್ತಿತ್ತು. ಈ ಸಲ ಅನಂತರಾಜು ಅವರು ಪಾಠ ರದ್ದು ಮಾಡಿ ಇಡೀ ಹೈಸ್ಕೂಲನ್ನು ಬಸ್ಸುಗಳಲ್ಲಿ ಕರೆದೊಯ್ಯುವುದಾಗಿ ಘೋಷಿಸಿದರು. ಗೆಲ್ಲುವ ಮೊದಲೇ ಗೇಟಿನ ಮೇಲೆ ಫ್ಲೆಕ್ಸಿಗೆ ಜಾಗ ಅಳತೆ ಮಾಡಿಸಿದರು.

ಗುರುವಾರ ಮಧ್ಯಾಹ್ನ ಪಿಟಿ ಮೇಷ್ಟರು ರಘುನಾಥ್ ಸರ್ ನನ್ನನ್ನು ಕರೆಸಿದರು.

“ಬಾ ವೇದಾ, ಕೂತ್ಕೊ,” ಎಂದರು.

ಪಿಟಿ ಮೇಷ್ಟರು ಕೂತ್ಕೊ ಎಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಮೂರು ವರ್ಷದಲ್ಲಿ ಅವರು ನನಗೆ ಓಡು, ಏಳು, ಬಗ್ಗು ಎಂದಿದ್ದರೇ ಹೊರತು ಕೂತ್ಕೊ ಎಂದವರಲ್ಲ. ಮೇಜಿನ ಮೇಲೆ ಟೂರ್ನಿಗೆ ಕೊಟ್ಟ ನಮ್ಮ ಅರ್ಜಿಗಳ ಜೆರಾಕ್ಸ್ ಇತ್ತು. ಎಲ್ಲಕ್ಕಿಂತ ಮೇಲೆ ನನ್ನದು, ಎರಡು ಜಡೆಯ ನನ್ನ ಮಬ್ಬು ಫೋಟೋದ ಸಮೇತ.

“ನೋಡಮ್ಮ, ಫೈನಲ್‌ಗೆ ಬಂದ್ಬಿಟ್ಟಿದೀವಿ. ಸೆಕ್ರೆಟರಿ ಸಾಹೇಬ್ರು ಕಪ್ ಬೇಕೇ ಬೇಕು ಅಂತ ಕೂತವ್ರೆ. ಎದುರು ಟೀಮು ಹೆಂಗಿದೆ ಅಂತ ನಿಂಗೂ ಗೊತ್ತು. ನಮ್ ಲಾಸ್ಟ್ ಬ್ಯಾಚ್ ಸ್ವಲ್ಪ ವೀಕು.”

ಖೋ ಖೋದಲ್ಲಿ ಓಡುವವರು ಮೂರು ಮೂರು ಜನರ ಬ್ಯಾಚಿನಲ್ಲಿ ಅಂಕಣಕ್ಕೆ ಇಳಿಯುತ್ತಾರೆ. ಕೊನೆಯ ಬ್ಯಾಚಿನಲ್ಲಿ ನಾನಿದ್ದೆ, ವಂದನಾ ಇದ್ದಳು, ಇನ್ನೊಬ್ಬಳಿದ್ದಳು.

“ನಾನು ವೀಕಾ ಸರ್?”

“ಛೆ ಛೆ, ನೀನಲ್ಲ. ನಿನ್ ಆಟಕ್ಕೇನಾಗಿದೆ? ವೀಕು ಅಂದ್ರೆ ಆ ವಂದನಾ. ಒಬ್ಳು ಹುಡ್ಗಿ ಸಿಕ್ಕವ್ಳೆ, ಮೈಸೂರ್ ಕಡೆಯೋಳು. ನಮ್ ಸ್ನೇಹಿತ್ರೊಬ್ರು ಕೋಚು, ಕಳಿಸ್ತೀನಿ ಅಂದ್ರು. ಹುಡ್ಗಿ ಬೆಂಕಿ. ಹೊಸ ಹೆಸ್ರು ಸೇರ್ಸೋಕೆ ಟೈಮ್ ಮುಗ್ದೋಗಿದೆ. ಅದಕ್ಕೆ ಇರೋ ಹೆಸ್ರಲ್ಲೇ ಆಡಿಸ್ಬೇಕು.”

“ಹಂಗಾದ್ರೆ ವಂದನಾ ಹೆಸ್ರಲ್ಲಿ ಆಡ್ಸಿ ಸರ್.” ಹೀಗೆಂದದ್ದಕ್ಕೆ ನನಗೇನೂ ನಾಚಿಕೆಯಿಲ್ಲ.

“ವಂದನಾ ಬೆಳ್ಳಗವ್ಳೆ, ಕನ್ನಡಕ ಬೇರೆ. ಫೋಟೋಗೆ ಮ್ಯಾಚ್ ಆಗಲ್ಲ ಕಣಮ್ಮ.” ಸರ್ ನನ್ನ ಫೋಟೋದ ಮೇಲೆ ಬೆರಳಿಟ್ಟರು. “ಇದ್ ನೋಡು. ಎರಡು ಜಡೆ, ದುಂಡು ಮುಖ, ಅದೇ ಬಣ್ಣ. ಹೇಳ್ ಮಾಡ್ಸಿದ್ ಹಂಗಿದೆ.”

ಚೆನ್ನಾಗಿ ಆಡುವುದಿಲ್ಲ ಎಂದು ತೆಗೆದಿದ್ದರೆ ಅತ್ತು ಸುಮ್ಮನಾಗಿರುತ್ತಿದ್ದೆ. ಚೆನ್ನಾಗಿ ಆಡುವ ನನ್ನನ್ನು ತೆಗೆದು ಚೆನ್ನಾಗಿ ಆಡದ ವಂದನಾಳನ್ನು ಉಳಿಸಿಕೊಂಡದ್ದು ಬಸ್ ಸ್ಟಾಪಿನ ಸ್ಟುಡಿಯೋದವನು ತೆಗೆದ ಒಂದು ಕೆಟ್ಟ ಫೋಟೋ ನೋಡಿ. ನನ್ನ ಮೂರು ವರ್ಷದ ಡೈವುಗಳು ಎಲ್ಲೂ ಲೆಕ್ಕಕ್ಕೇ ಬರಲಿಲ್ಲ.

“ನಾನ್ ಒಪ್ಪಲ್ಲ ಸರ್,” ಎಂದೆ.

ಸರ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. “ನೀನ್ ಬಾಯ್ಬಿಟ್ರೆ ಏನಾಗುತ್ತೆ ಹೇಳು? ಇಡೀ ಟೀಮು ಔಟ್. ನಿನ್ ಜೊತೆ ಆಡಿರೋ ಅಷ್ಟೂ ಹುಡ್ಗೀರು ಔಟ್. ಮೂರ್ ವರ್ಷ ಒಟ್ಟಿಗೆ ಬಿಸ್ಲು ಕುಡ್ದಿದೀರ. ಅವ್ರ್ ಬಾಯಿಗೆ ಮಣ್ಣು ಹಾಕ್ತೀಯಾ? ಇದೇ ನೋಡಮ್ಮ ಸ್ಕೂಲ್ ಸ್ಪಿರಿಟ್ ಅಂದ್ರೆ. ನಾನು ಅನ್ನೋದನ್ನ ಬಿಡೋದು.” ಆಮೇಲೆ ಅರ್ಜಿಗಳನ್ನು ಫೈಲಿಗೆ ಸೇರಿಸುತ್ತಾ, “ನೀನೂ ಬಾ, ಎಲ್ರ ಜೊತೆ ಕೂತು ಚಿಯರ್ ಮಾಡು. ಒಂದ್ ಮಾತ್ರ ನೆನಪಿಟ್ಕೊ. ಅಲ್ಲಿ ಯಾರಾದ್ರೂ ವೇದಾ ಅಂತ ಕೂಗಿದ್ರೆ ತಿರುಗ್ಬೇಡ,” ಎಂದರು.

ಶುಕ್ರವಾರ ಸಂಜೆ ಶಾಂತಲಾಳನ್ನು ಸಹಕಾರನಗರದ ಪಾರ್ಕಿನ ಹತ್ತಿರದ ಪಾನಿಪುರಿ ಗಾಡಿಗೆ ಬರಹೇಳಿದೆ. ಅವಳಿಗೆ ವಿಷಯ ಆಗಲೇ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಕೊನೆಯ ಪೀರಿಯಡ್ಡಿನಲ್ಲಿ ಸರ್ ಚಿಯರಿಂಗ್‌ನವರನ್ನೆಲ್ಲ ಕೂರಿಸಿ, ನನ್ನ ಏಳನೇ ನಂಬರಿನ ಜರ್ಸಿ ಹಾಕಿದ ಹುಡುಗಿ ಬಂದಾಗ ಯಾರೂ ಪಿಸುಪಿಸು ಅನ್ನಬಾರದು, ವೇದಾ ಎಂದೇ ಕೂಗಬೇಕು ಎಂದು ಹೇಳಿಕೊಟ್ಟಿದ್ದರಂತೆ.

“ನನ್ ಘೋಷಣೆ ಮಾತ್ರ ಕೂಗ್ಬೇಡ ಕಣೇ,” ಎಂದೆ. “ಬೇರೆ ಏನಾದ್ರೂ ಕೂಗಿ. ಸ್ಕೂಲ್ ಹೆಸ್ರು ಕೂಗಿ, ನಂಬರ್ ಕೂಗಿ. ಅದು ನಂದು. ನೀನೇ ಬರ್ದುಕೊಟ್ಟಿದ್ದು.”

ಶಾಂತಲಾ ಪೂರಿಯನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು. “ಎಲ್ರಿಗೂ ಬಾಯಿಪಾಠ ಆಗೋಗಿದೆ ವೇದಾ. ನಾನ್ ಕೂಗ್ದೆ ಇದ್ರೂ ಅವ್ರು ಕೂಗ್ತಾರೆ. ಎಲ್ರಿಗೂ ಕೂಗಿ ಒಬ್ಳಿಗೆ ಮಾತ್ರ ಕೂಗ್ಲಿಲ್ಲ ಅಂದ್ರೆ ಡೌಟ್ ಬರಲ್ವಾ?”

“ಬರ್ಲಿ.”

“ಹಂಗಂದ್ರೆ ಹೆಂಗೆ? ಕಪ್ ಬಂದ್ರೆ ಸೋಮವಾರ ರಜಾ ಕೊಡ್ತಾರಂತೆ ಕಣೇ. ಭಾನುವಾರ ಸೋಮವಾರ ಎರಡು ದಿನ ಸೇರುತ್ತೆ. ನಾವೆಲ್ಲ ನಂದಿ ಬೆಟ್ಟಕ್ಕೆ ಪ್ಲಾನ್ ಹಾಕಿದೀವಿ. ನೀನೂ ಬಾ, ಹೆಂಗೂ ಇನ್ಮೇಲೆ ಪ್ರಾಕ್ಟೀಸ್ ಇರಲ್ವಲ್ಲ.”

ಅವಳು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ನನಗೆ ಖುಷಿಯಾಗಲಿ ಎಂದೇ ಹೇಳಿದಳು. ಗಾಡಿಯ ಮುಂದೆಯೇ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ. ಬಾರಿಸಲಿಲ್ಲ. ಕೊನೆಗೊಂದು ಸುಕ್ಕಾ ಪೂರಿ ಇಸಿದುಕೊಂಡು ತಿಂದು ಸೈಕಲ್ ಹತ್ತಿದೆ.

ನಮ್ಮ ಮನೆ ಬ್ಯಾಟರಾಯನಪುರದ ಹಳೇ ಊರಿನಲ್ಲಿದೆ. ನಮ್ಮಪ್ಪ ಲಕ್ಕಣ್ಣ ಬಿಲ್ಡರ್. ಹೊಲವಿದ್ದ ಕಡೆಯೆಲ್ಲ ಈಗ ಬಾಡಿಗೆಯ ಮನೆಗಳಿವೆ. ಅಪ್ಪ ಒಂದು ಮಾತು ಹೇಳಿದರೆ ಅನಂತರಾಜು ಅವರು ಕೇಳುತ್ತಾರೆ, ಇಬ್ಬರೂ ಒಬ್ಬರಿಗೊಬ್ಬರು ಬೇಕಾದವರು. ಆ ಧೈರ್ಯದಿಂದ ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ.

ಅಪ್ಪ ಮುದ್ದೆ ಮುರಿಯುತ್ತಾ ಪೂರ್ತಿ ಕೇಳಿದರು. “ಸರ್ಟಿಫಿಕೇಟು ಯಾರ್ ಹೆಸ್ರಲ್ಲಿ ಬರುತ್ತೆ?”

“ನನ್ ಹೆಸ್ರಲ್ಲಿ.”

“ಮೆಡಲ್ಲು?”

“ಅದೂ ನಂಗೇ ಕೊಡ್ತಾರಂತೆ.”

“ಮತ್ತಿನ್ನೇನ್ ಕಷ್ಟ ನಿಂಗೆ?” ಅಪ್ಪನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. “ಬಿಸ್ಲಲ್ಲಿ ಓಡೋ ಕೆಲ್ಸಾನೂ ಇಲ್ಲ, ಕಾಲ್ ಮುರ್ಕೊಳೋದೂ ಇಲ್ಲ. ಪಿಯುಸಿ ಸೀಟ್‌ಗೆ ಬೇರೆ ಬರುತ್ತೆ ಅದು. ನಮ್ ಸೈಟಲ್ಲಿ ನೋಡು, ಗೋಡೆ ಕಟ್ಟೋರು ಯಾರೋ, ಬಣ್ಣ ಬಳ್ಯೋರು ಯಾರೋ. ಬೋರ್ಡ್ ಮೇಲೆ ಹೆಸ್ರು ಲಕ್ಕಣ್ಣ ಅಂತ. ನಾನೇನ್ ಇಟ್ಟಿಗೆ ಹೊತ್ತಿದೀನಾ? ಬೋರ್ಡಲ್ಲಿ ಯಾರ್ ಹೆಸ್ರಿದ್ಯೋ ಅವ್ರ್ ಕಟ್ಟಿದ್ದು ಅಂತ ಲೆಕ್ಕ ಕಣಮ್ಮ.”

ಅಮ್ಮ ಸಾರು ಬಡಿಸಿ ಒಳಗೆ ಹೋದಳು. ನನ್ನ ತಟ್ಟೆಯ ಮುದ್ದೆ ಹಾಗೇ ಆರಿತು. ಅಪ್ಪ ಕೆಟ್ಟವರಲ್ಲ, ನನಗೆ ಏನು ಬೇಕೆಂದರೂ ತಂದುಕೊಡುವವರು. ನನಗೆ ಬೇಕಾದದ್ದು ಅಂಗಡಿಯಲ್ಲಿ ಸಿಗದೇ ಹೋದರೆ ಅದೊಂದು ಬೇಕಾದದ್ದೇ ಅಲ್ಲ ಎಂದು ಅವರ ನಂಬಿಕೆ.

ಅಪ್ಪನ ತಾಯಿ ಸೊಣ್ಣಮ್ಮಜ್ಜಿ ಹೊರಗೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಒಳಗಿನ ಮಾತು ಅವಳಿಗೆ ಕೇಳಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ.

“ನಾಳೀಕಲ್ವಾ ನಿನ್ ಆಟ? ನಾನೂ ಬತ್ತೀನಿ. ಈ ಸಲ ಬ್ಯಾಡ ಅನ್ಬ್ಯಾಡ.”

“ಬಿಸ್ಲು ಅಜ್ಜಿ, ಬರ್ಬೇಡ.”

“ಒಲದಲ್ಲಿ ರಾಗಿ ಕುಯ್ದೋಳಿಗೆ ಬಿಸ್ಲು ತೋರುಸ್ತೀಯಾ? ಓಗೇ.”

“ನಾನು ಆಡ್ತೀನೋ ಇಲ್ವೋ ಗೊತ್ತಿಲ್ಲ,” ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೆ ಆಗಲೇ ಅನಂತರಾಜು ಅವರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು.

ಶನಿವಾರ ಬೆಳಿಗ್ಗೆ ಯಲಹಂಕದ ಮೈದಾನದ ಶಾಮಿಯಾನದ ಹಿಂದೆ ರಘುನಾಥ್ ಸರ್ ಮೈಸೂರು ಕಡೆಯ ಆ ಹುಡುಗಿಯನ್ನು ನನ್ನ ಮುಂದೆ ನಿಲ್ಲಿಸಿದರು. ನನಗಿಂತ ಚೂರು ಕುಳ್ಳಿ. ಮುಖದಲ್ಲಿ ನನ್ನ ಹೋಲಿಕೆ ಒಂದಿಷ್ಟೂ ಇರಲಿಲ್ಲ. ಜಡೆಯನ್ನು ಮಾತ್ರ ಎರಡು ಮಾಡಿ ಹೆಣೆಸಿದ್ದರು. ನನ್ನ ಜರ್ಸಿಯನ್ನು ನಾನೇ ಬ್ಯಾಗಿನಿಂದ ತೆಗೆದು ಕೊಡಬೇಕಾಯಿತು. ಹಿಂದುಗಡೆ ಏಳು ಎಂಬ ಅಂಕಿ, ಅದರ ಮೇಲೆ ನನ್ನ ಹೆಸರು.

“ನಿಮ್ದಾ ಅಕ್ಕಾ?” ಎಂದು ಕೇಳಿದಳು.

“ಹೌದು.”

“ಒಸಿ ಬಿಗಿ ಆಯ್ತದೆ. ಪರ್ವಾಗಿಲ್ಲ, ಆಡ್ಬುಡ್ತೀನಿ.” ತೋಳಿನ ಹೊಲಿಗೆಯನ್ನು ಎಳೆದು ಸಡಿಲ ಮಾಡಿಕೊಂಡಳು. ಬೆಳಿಗ್ಗೆಯಿಂದ ಏನಾದರೂ ತಿಂದಿದ್ದಾಳೋ ಇಲ್ಲವೋ, ನನ್ನ ಕೈಯಲ್ಲಿದ್ದ ಬಿಸ್ಕೆಟ್ ಪೊಟ್ಟಣದ ಮೇಲೆ ಕಣ್ಣಿಟ್ಟಿದ್ದಳು. ನಾನು ಕೊಡಲಿಲ್ಲ. ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಹಳದಿ ಟೀ ಶರ್ಟಿನವರ ನಡುವೆ ಮೂರನೇ ಸಾಲಿನಲ್ಲಿ ಕೂತೆ. ಅಕ್ಕಪಕ್ಕದವರು ನನಗೆ ಸ್ವಲ್ಪ ಹೆಚ್ಚೇ ಜಾಗ ಬಿಟ್ಟರು, ಸಾವಿನ ಮನೆಯಲ್ಲಿ ಬಿಡುವ ಹಾಗೆ. ಆಟ ಶುರುವಾಯಿತು. ಮೊದಲು ಎದುರಿನವರು ಅಟ್ಟಿಸಿಕೊಂಡು ಬರುವ ಸರದಿ, ನಮ್ಮವರು ಓಡುವುದು. ಮೊದಲ ಎರಡು ಬ್ಯಾಚುಗಳು ಬೇಗ ಔಟಾದವು. ಮೂರನೆಯ ಬ್ಯಾಚಿನಲ್ಲಿ ಏಳನೇ ನಂಬರಿನವಳು ಅಂಕಣಕ್ಕೆ ಇಳಿದಳು. ಶಾಂತಲಾ ನನ್ನ ಕಡೆಗೆ ಬೆನ್ನು ಹಾಕಿ ಕೈ ಎತ್ತಿದಳು.

“ವೇದಾ ಬಂದ್ರೆ ಗಾಳಿ!”

“ಎದುರಿನ ಟೀಮು ಖಾಲಿ!”

ಇಡೀ ಶಾಲೆ ಕೂಗಿತು. ನನ್ನ ಜೊತೆ ಟಿಫನ್ ಹಂಚಿಕೊಂಡವರು, ನನ್ನ ಹೋಮ್‌ವರ್ಕ್ ನೋಡಿ ಬರೆದವರು, ನನ್ನ ಕಾಲಿಗೆ ಬ್ಯಾಂಡೇಜು ಸುತ್ತಿದವರು, ಎಲ್ಲರೂ. ಒಬ್ಬರ ಧ್ವನಿಯೂ ನಡುಗಲಿಲ್ಲ. ಅಷ್ಟು ಚೆನ್ನಾಗಿ ಅವರು ಪ್ರಾಕ್ಟೀಸಿನಲ್ಲೂ ಕೂಗಿರಲಿಲ್ಲ.

ಇನ್ನೊಂದು ಸಂಕಟವೆಂದರೆ ಅವಳು ನಿಜಕ್ಕೂ ಚೆನ್ನಾಗಿ ಓಡಿದಳು. ಆಟ ಗೊತ್ತಿಲ್ಲದವಳಾಗಿದ್ದರೆ ನಾನು ಸುಖವಾಗಿ ಬೈದುಕೊಂಡು ಕೂತಿರುತ್ತಿದ್ದೆ. ಅಟ್ಟಿಸಿಕೊಂಡು ಬರುವವಳ ಭುಜ ಯಾವ ಕಡೆ ವಾಲುತ್ತದೆಂದು ಅವಳಿಗೆ ಮೊದಲೇ ತಿಳಿಯುತ್ತಿತ್ತು. ಇನ್ನೇನು ಕೈ ತಗುಲಿತು ಅನ್ನುವಾಗ ಸಾಲಿನ ಆಚೆ ಇರುತ್ತಿದ್ದಳು. ನಾನು ಮೂರು ವರ್ಷ ಕಲಿತರೂ ಬಾರದ ಒಂದು ತಿರುವನ್ನು ಅವಳು ಬೇಸರ ಬಂದವಳಂತೆ ಮಾಡಿ ತೋರಿಸಿದಳು. ಕೂಗು ಎಷ್ಟು ಜೋರಾದರೂ ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಯಾಕಿರಬೇಕು? ಅದು ಅವಳ ಹೆಸರೇ ಅಲ್ಲವಲ್ಲ. ಅಷ್ಟು ದೊಡ್ಡ ಕೂಗು ಯಾರಿಗೂ ಸೇರದೆ ಮೈದಾನದ ಮೇಲೆ ಹಾರಿ ಹೋಗುತ್ತಿತ್ತು.

ಸರದಿ ಮುಗಿದು ಬಿಡುವು ಕೊಟ್ಟಾಗ ನಮ್ಮ ಸಾಲಿನ ತುದಿಯಿಂದ ಒಂದು ಧ್ವನಿ ಎದ್ದಿತು.

“ಯಾವ್ ವೇದಾನ್ರೋ ಅದು? ನಮ್ ವೇದಾ ಇಲ್ ಕೂತವ್ಳಲ್ರೋ!”

ಸೊಣ್ಣಮ್ಮಜ್ಜಿ. ಆಟೋ ಮಾಡಿಕೊಂಡು ಒಬ್ಬಳೇ ಬಂದಿದ್ದಳು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕೈ ನನ್ನ ಕಡೆ ಚಾಚಿತ್ತು. “ಅದ್ಯಾರ್ ಮನೆ ಮಗಿಗೋ ನಮ್ ಮಗಿನ್ ಎಸ್ರು ಇಕ್ಕಿ ಕೂಗ್ತಾವ್ರೆ. ಏನ್ರೋ, ನಿಮ್ಗೇನ್ ಕಣ್ ಕಾಣಾಕಿಲ್ವಾ? ಇವ್ಳು ನಿಮ್ ಜೊತೇಲೇ ಓದೋಳಲ್ವೇನ್ರೋ?”

ಶಾಂತಲಾ ಗಾಬರಿಯಾಗಿ ಕೈ ಎತ್ತಿದಳು. ಹಳದಿ ಟೀ ಶರ್ಟುಗಳೆಲ್ಲ ಶಾಲೆಯ ಹೆಸರು ಹಿಡಿದು ಕೂಗತೊಡಗಿದವು. ಒಬ್ಬ ಮುದುಕಿಯ ಮಾತು ಕೇಳಿಸದಿರಲಿ ಎಂದು ಒಂದು ಹೈಸ್ಕೂಲು ಗಂಟಲು ಹರಿದುಕೊಳ್ಳುತ್ತಿತ್ತು. ಅಜ್ಜಿ ಅಷ್ಟಕ್ಕೆಲ್ಲ ಬಗ್ಗುವವಳಲ್ಲ. ನಡೆದುಬಂದು ನನ್ನ ತೋಳು ಹಿಡಿದು ಎಬ್ಬಿಸಿದಳು. ಟೂರ್ನಿಯ ಮೇಲ್ವಿಚಾರಕರಾದ ವೆಂಕಟರಾಮಯ್ಯ ಎಂಬ ಹಿರಿಯರು ಅದನ್ನು ನೋಡಿ ನಮ್ಮ ಕಡೆ ಬಂದರು. ಹಿಂದೆಯೇ ರಘುನಾಥ್ ಸರ್ ಓಡಿ ಬಂದರು. ಕೂಗು ತಾನಾಗಿ ನಿಂತಿತು.

“ಏನಮ್ಮ ಗಲಾಟೆ?” ಎಂದು ವೆಂಕಟರಾಮಯ್ಯನವರು ಅಜ್ಜಿಯನ್ನು ಕೇಳಿದರು.

“ಇವ್ಳು ಸ್ವಾಮೀ ವೇದಾ. ನನ್ ಮೊಮ್ಮಗಳು. ಅಲ್ ಆಡ್ತಿರೋಳು ಬ್ಯಾರೆ ಯಾರೋ.”

“ಅಜ್ಜಿಗೆ ಕಣ್ ಸರಿಯಾಗಿ ಕಾಣಲ್ಲ ಸರ್,” ಎಂದರು ರಘುನಾಥ್ ಸರ್, ನಗುತ್ತಾ. “ವಯಸ್ಸಾಗಿದೆ. ಮೊಮ್ಮಗಳು ಅಲ್ಲಿ ಆಡ್ತವ್ಳೆ, ಇವ್ರಿಗೆ ಹಳದಿ ಬಟ್ಟೆಯೋರೆಲ್ಲ ಒಂದೇ ಥರ ಕಾಣ್ತಾರೆ.”

ವೆಂಕಟರಾಮಯ್ಯನವರು ನನ್ನ ಮುಖ ನೋಡಿದರು. “ಹೌದೇನಮ್ಮ? ಇವ್ರಿಗೆ ಕಣ್ಣು ಕಾಣಲ್ವಾ?”

ಅಜ್ಜಿ ಎರಡು ವರ್ಷದ ಹಿಂದೆ ಪೊರೆ ತೆಗೆಸಿಕೊಂಡವಳು. ಬೀದಿಯ ಆ ತುದಿಯಲ್ಲಿ ಬರುವವರನ್ನು ಈ ತುದಿಯಿಂದ ಗುರುತಿಸುತ್ತಾಳೆ. ಅಂಕಣದ ಕಡೆ ನೋಡಿದೆ. ನನ್ನ ಟೀಮಿನ ಹುಡುಗಿಯರೆಲ್ಲ ನೀರು ಕುಡಿಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ವಂದನಾ ಕನ್ನಡಕ ತೆಗೆದು ಅಳುವ ಮುಖ ಮಾಡಿಕೊಂಡಿದ್ದಳು. ಶಾಂತಲಾ ಎರಡೂ ಕೈ ಜೋಡಿಸಿದ್ದಳು. ನನಗೆ ಅವರೆಲ್ಲರ ಮೇಲೂ ಅಸಹ್ಯವಿತ್ತು. ಆದರೂ ಅವರ ಜೊತೆ ಬಿದ್ದ ಮಣ್ಣು ನನ್ನ ಮೊಣಕಾಲಿನಲ್ಲಿ ಇನ್ನೂ ಇತ್ತು.

“ಹೌದು ಸರ್,” ಎಂದೆ. “ದೂರದ್ದು ಕಾಣಲ್ಲ.”

ಹಳದಿ ಟೀ ಶರ್ಟುಗಳು ಹೋ ಎಂದು ಕಿರುಚಿ ಚಪ್ಪಾಳೆ ತಟ್ಟಿದವು. ಮೂರು ವರ್ಷದಲ್ಲಿ ನನ್ನ ಶಾಲೆ ನನಗೆಂದು ತಟ್ಟಿದ ಚಪ್ಪಾಳೆ ಅದೊಂದೇ.

ಅಜ್ಜಿ ನನ್ನ ತೋಳು ಬಿಟ್ಟಳು. ಸೆರಗು ಸರಿಮಾಡಿಕೊಂಡು ಗೇಟಿನ ಕಡೆ ನಡೆದಳು. ನಾನು ಹಿಂದೆಯೇ ಓಡಿ, “ಆಟೋ ಹತ್ತಿಸ್ತೀನಿ ಇರು ಅಜ್ಜಿ,” ಎಂದು ಕೈ ಹಿಡಿದೆ. ಅವಳು ನಿಧಾನವಾಗಿ ನನ್ನ ಕೈ ಬಿಡಿಸಿದಳು.

“ಬ್ಯಾಡ ಕಣವ್ವ. ನೀನ್ ಯಾರ್ ಮನೆ ಮಗಳೋ ಏನೋ, ನಂಗ್ ಕಾಣಾಕಿಲ್ಲ. ನೀನು ಓಗು,” ಎಂದಳು.

ನಾನು ಗೇಟಿನ ಹತ್ತಿರ ನಿಂತು ಅತ್ತೆ. ಒಳಗಿನಿಂದ ನನ್ನ ಹೆಸರು ಮತ್ತೆ ಮತ್ತೆ ಕೇಳಿಬರುತ್ತಿತ್ತು.

ನಮ್ಮ ಶಾಲೆ ಗೆದ್ದಿತು. ಏಳನೇ ನಂಬರಿನವಳು ಕೊನೆಯವರೆಗೂ ಔಟಾಗಲಿಲ್ಲವಂತೆ. ಅನಂತರಾಜು ಅವರು ವೇದಿಕೆ ಹತ್ತಿ ಮೈಕಿನಲ್ಲಿ, ಸ್ಪಿರಿಟ್ ಇದ್ದರೆ ಏನು ಬೇಕಾದರೂ ಸಾಧಿಸಬಹುದು ಎಂದರು. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಮೆಡಲ್ ಹಾಕಿ ಸರ್ಟಿಫಿಕೇಟ್ ಕೊಟ್ಟರು. “ವೇದಾ ಎಲ್.” ಎಂದಾಗ ಅವಳು ಹೋಗಿ ತಲೆ ಬಗ್ಗಿಸಿ ಮೆಡಲ್ ಹಾಕಿಸಿಕೊಂಡಳು. ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಅವಳಿಗೇ ಬಿತ್ತು.

ವೇದಿಕೆ ಇಳಿದು ಶಾಮಿಯಾನದ ಹಿಂದೆ ಬಂದ ಕೂಡಲೇ ರಘುನಾಥ್ ಸರ್ ಅವಳ ಕುತ್ತಿಗೆಯಿಂದ ಮೆಡಲ್ ತೆಗೆದು ನನ್ನ ಕೈಗಿಟ್ಟರು. ಸರ್ಟಿಫಿಕೇಟಿಗೆ ಕೈ ಚಾಚಿದಾಗ ಅವಳು ಅದನ್ನು ಎದೆಗೆ ಒತ್ತಿಕೊಂಡಳು.

“ಒಂದ್ ನಿಮ್ಷ ಸಾ. ಒಂದ್ ಫೋಟೋ ತಕ್ಕೊಂಡ್ ಕೊಡ್ತೀನಿ. ನಮ್ಮವ್ವಂಗೆ ಕಳುಸ್ಬೇಕು.”

“ಬೇಗ ತಕ್ಕೊ. ಬಸ್ ಹತ್ಸಿ ಬಿಡ್ಬೇಕು ನಿನ್ನ,” ಎಂದು ಸರ್ ಅನಂತರಾಜು ಅವರ ಕಡೆ ಹೋದರು.

ಅವಳ ಫೋನಿನ ಗಾಜು ಒಡೆದಿತ್ತು. ಅದನ್ನು ನನ್ನ ಕೈಗೆ ಕೊಟ್ಟು, “ನೀವೇ ಒಂದ್ ತೆಗೀರಕ್ಕ,” ಎಂದಳು. ಸರ್ಟಿಫಿಕೇಟನ್ನು ಎದೆಯ ಮುಂದೆ ನೆಟ್ಟಗೆ ಹಿಡಿದಳು. ಫೋನಿನೊಳಗೆ ನೋಡಿದೆ. ಅವಳ ಹೆಬ್ಬೆರಳು ಒಂದು ಸಾಲಿನ ಮೇಲೆ ಒತ್ತಿ ಕೂತಿತ್ತು. ಅದು ಹೆಸರು ಬರೆದಿದ್ದ ಸಾಲು. ಬೆರಳು ಸಾಲದೆ ಒಂದಕ್ಷರ ಹೊರಗೆ ಕಾಣುತ್ತಿತ್ತು. ಅವಳೇ ಬಗ್ಗಿ ನೋಡಿಕೊಂಡು, ಇನ್ನೊಂದು ಬೆರಳು ತಂದು ಅದನ್ನೂ ಮುಚ್ಚಿ, ಆಮೇಲೆ ನಕ್ಕಳು.

ಬೆಳಿಗ್ಗೆಯಿಂದ ಅವಳನ್ನು ಎಷ್ಟೋ ಸಲ ಮನಸ್ಸಿನಲ್ಲಿ ಬೈದಿದ್ದೆ. ಏನೆಂದು ಕರೆದು ಬೈಯಬೇಕು ಎಂಬುದೂ ಗೊತ್ತಿರಲಿಲ್ಲ. ಯಾರೂ ಅವಳನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಫೋಟೋ ತೆಗೆದು ಫೋನು ವಾಪಸ್ಸು ಕೊಟ್ಟು, ಬಿಸ್ಕೆಟ್ ಪೊಟ್ಟಣವನ್ನೂ ಕೊಟ್ಟು ಕೇಳಿದೆ.

“ನಿನ್ ಹೆಸ್ರೇನೇ?”

ಅವಳು ಬಿಸ್ಕೆಟ್ ಬಾಯಿಗಿಡಲು ಹೋದವಳು ತಡೆದಳು. ಸರ್ ನಿಂತಿದ್ದ ಕಡೆ ಒಮ್ಮೆ ನೋಡಿದಳು. ಆಮೇಲೆ ಕೈ ಕೆಳಗಿಳಿಸಿ, ನೆಟ್ಟಗೆ ನಿಂತು, ಪಾಠ ಒಪ್ಪಿಸುವ ಹಾಗೆ ಹೇಳಿದಳು.

“ವೇದಾ ಎಲ್. ಹತ್ತನೇ ಕ್ಲಾಸು, ಬಿ ಸೆಕ್ಷನ್ನು. ಊರು ಬ್ಯಾಟರಾಯನಪುರ. ಅಪ್ಪನ ಹೆಸ್ರು ಲಕ್ಕಣ್ಣ.”